ಪಿಎಸ್5 ಗೇಮ್ ಕನ್ಸೋಲ್‌ಗೆ ಲ್ಯಾನ್ ಕೇಬಲ್ ಹಾಕಿದರೂ ನೆಟ್ ಕೈಕೊಡುತ್ತಿದೆ, ಯಾರಿಗಾದರೂ ಹೀಗಾಗಿದೆಯಾ?

ಮನೆ ಮೈಸೂರಲ್ಲಿ. 300 ಎಂಬಿಪಿಎಸ್ ಫೈಬರ್ ಪ್ಲಾನ್. ಫೈಬರ್ ಬಾಕ್ಸ್ ಕೆಳಗೆ ಹಾಲ್‌ನಲ್ಲಿದೆ, ಪಿಎಸ್5 ಮಹಡಿ ಮೇಲಿನ ರೂಮಲ್ಲಿ. ಮೇಲೆ ವೈಫೈ ಸರಿಯಾಗಿ ಸಿಗಲ್ಲ ಅಂತ ಎಲೆಕ್ಟ್ರಿಷಿಯನ್ ಕೈಲಿ ಲ್ಯಾನ್ ಕೇಬಲ್ ಎಳೆಸಿದೆವು. ಈಗ ಸ್ಪೀಡ್ ಟೆಸ್ಟ್ ಮಾಡಿದರೆ 94 ದಾಟುವುದೇ ಇಲ್ಲ. ಕೆಲವು ಸಲ ಆಟದ ನಡುವೆಯೇ ಕೇಬಲ್ ಹಾಕಿಲ್ಲ ಅನ್ನುತ್ತದೆ. ಫ್ರೆಂಡ್ಸ್ ಜೊತೆ ಪಾರ್ಟಿ ಚಾಟ್‌ಗೆ ಹೋದರೆ ಕೆಲವರ ಮಾತು ಕೇಳಿಸುವುದೇ ಇಲ್ಲ. ನೆಟ್ ಕಂಪನಿಗೆ ಫೋನ್ ಮಾಡಿದರೆ ‘ನಮ್ಮ ಕಡೆಯಿಂದ ಎಲ್ಲ ಸರಿ ಇದೆ’ ಅನ್ನುತ್ತಾರೆ. ಗೊತ್ತಿದ್ದವರು ಸ್ವಲ್ಪ ಹೇಳಿ.

ಹುಬ್ಬಳ್ಳಿಯಿಂದ

ನಾನು ಆಫೀಸುಗಳಿಗೆ ಕೇಬಲ್ ಎಳೆಯುವ ಕೆಲಸದವನು. 94 ಅನ್ನುವ ಅಂಕಿಯೇ ಅರ್ಧ ಉತ್ತರ ಹೇಳಿಬಿಟ್ಟಿದೆ. ಲ್ಯಾನ್ ಕೇಬಲ್ ಒಳಗೆ ಎಂಟು ಎಳೆ, ಅಂದರೆ ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು. ಆ ಇನ್ನೆರಡು ಜೋಡಿಯಲ್ಲಿ ಒಂದು ಎಳೆ ಕೈಕೊಟ್ಟರೂ ಸಾಕು, ಲೈನ್ 100ಕ್ಕೆ ಇಳಿಯುತ್ತದೆ. ಅದರಲ್ಲಿ ಸಾಗಾಟದ ಖರ್ಚು ಕಳೆದು ಕೈಗೆ ಸಿಗುವುದು ಸುಮಾರು 94. ಹಾಗಾಗಿ ಡಿಎನ್‌ಎಸ್ (ಸೈಟ್ ಹೆಸರಿಗೆ ಅದರ ನಂಬರ್ ಹುಡುಕಿಕೊಡುವ ಸರ್ವರ್) 8.8.8.8 ಹಾಕಿ, 1.1.1.1 ಹಾಕಿ ಅಂತ ಯಾರಾದರೂ ಹೇಳಿದರೆ ಸದ್ಯಕ್ಕೆ ಕಿವಿಗೆ ಹಾಕಿಕೊಳ್ಳಬೇಡಿ. ಡಿಎನ್‌ಎಸ್ ಬದಲಿಸಿದರೆ ತಂತಿ ರಿಪೇರಿ ಆಗಲ್ಲ.

ಮೊದಲು ಪಿಎಸ್5 ಅನ್ನೇ ಕೆಳಗೆ ತಂದು ಬಾಕ್ಸ್ ಪಕ್ಕ ಇಡಿ. ಅಂಗಡಿಯಲ್ಲಿ ಸಿಗುವ ಚಿಕ್ಕ ರೆಡಿಮೇಡ್ ಕೇಬಲ್ ಹಾಕಿ ಟೆಸ್ಟ್ ಮಾಡಿ. 300ರ ಹತ್ತಿರ ಬಂದರೆ ಗೋಡೆಯೊಳಗಿನ ಕೇಬಲ್ಲಿನದೇ ತಪ್ಪು. ಇಲ್ಲೂ 94 ಬಂದರೆ ಬಾಕ್ಸ್‌ನ ಬೇರೆ ಪೋರ್ಟ್‌ಗೆ ಚುಚ್ಚಿ ನೋಡಿ. ಎಷ್ಟೋ ಬಾಕ್ಸ್‌ಗಳಲ್ಲಿ ಒಂದೇ ಪೋರ್ಟ್ 1000ದ್ದು, ಮಿಕ್ಕವೆಲ್ಲ 100ದ್ದು. ಅದನ್ನು ಯಾರೂ ಹೇಳಲ್ಲ, ಸುಮ್ನೆ ಕೈಗೆ ಸಿಕ್ಕಿದ್ದಕ್ಕೆ ಹಾಕಿ ಹೋಗುತ್ತಾರೆ.

ತಪ್ಪು ಕೇಬಲ್ಲಿನದು ಅಂತ ಗೊತ್ತಾದರೆ ತಕ್ಷಣ ಗೋಡೆ ಒಡೆಸಬೇಡಿ. ನಾನು ನೋಡಿದ ಮಟ್ಟಿಗೆ ತೊಂದರೆ ಇರುವುದು ಹೆಚ್ಚಾಗಿ ತುದಿಯ ಜ್ಯಾಕ್‌ನಲ್ಲಿ. ಅದು ಪಾರದರ್ಶಕ ಪ್ಲಾಸ್ಟಿಕ್ ಅಲ್ವಾ, ಬೆಳಕಿಗೆ ಹಿಡಿಯಿರಿ. ಎಂಟೂ ಎಳೆ ಮುಂದಿನ ಅಂಚು ಮುಟ್ಟಿರಬೇಕು. ಹೊರಗಿನ ದಪ್ಪ ಸಿಪ್ಪೆ ಜ್ಯಾಕ್ ಒಳಗೆ ಹೋಗಿ ಹಿಡಿತಕ್ಕೆ ಸಿಕ್ಕಿರಬೇಕು. ಸಿಪ್ಪೆ ಹೊರಗೇ ನಿಂತು ಬಣ್ಣದ ಎಳೆಗಳು ನೇತಾಡುತ್ತಿದ್ದರೆ, ಟಿವಿ ಸ್ಟ್ಯಾಂಡ್ ಸ್ವಲ್ಪ ಸರಿಸಿದರೂ ಸಂಪರ್ಕ ಬಿಟ್ಟುಕೊಳ್ಳುತ್ತದೆ. ಆಟದ ನಡುವೆ ಕೇಬಲ್ ಇಲ್ಲ ಅನ್ನುವುದಕ್ಕೆ ಅದೇ ಕಾರಣ ಇರಬಹುದು. ಕ್ಲಿಪ್ ಮುರಿದಿದ್ದರೂ ಹೀಗೇ ಆಗುತ್ತದೆ.

ಇನ್ನು ಬಣ್ಣ. ಕ್ಲಿಪ್ ಕೆಳಗೆ ಮಾಡಿ, ಪಿನ್ ಇರುವ ತುದಿ ಆಚೆ ಕಡೆಗೆ ಹಿಡಿದರೆ ಎಡದಿಂದ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರಿನ ಜೋಡಿಯ ನಡುವೆ ನೀಲಿ ಜೋಡಿ ಬಂದಿರುವುದು ನೋಡಿ. ಮನೆ ಎಲೆಕ್ಟ್ರಿಷಿಯನ್‌ಗಳು ಎಡವುವುದು ಅಲ್ಲೇ. ಚೆಂದ ಕಾಣಲಿ ಅಂತ ಜೋಡಿ ಜೋಡಿಯಾಗಿ ಪಕ್ಕಪಕ್ಕ ಕೂರಿಸುತ್ತಾರೆ. ಎರಡೂ ತುದಿ ಒಂದೇ ಥರ ಇರುವುದರಿಂದ ಟೆಸ್ಟರ್ ಒಂದರಿಂದ ಎಂಟರವರೆಗೆ ಹಸಿರು ದೀಪ ಹಚ್ಚಿ ಪಾಸ್ ಮಾಡುತ್ತದೆ. ಆದರೆ ಒಟ್ಟಿಗೆ ಹೆಣೆದ ಎರಡು ಎಳೆ ಬೇರೆ ಬೇರೆ ಸಿಗ್ನಲ್‌ಗೆ ಹೋಗಿರುತ್ತವೆ. ಒಂದರ ಸದ್ದು ಇನ್ನೊಂದಕ್ಕೆ ಹತ್ತಿ ಲೈನ್ ಆಗಾಗ ಬೀಳುತ್ತದೆ. ಎರಡೂ ತುದಿ ಕತ್ತರಿಸಿ ಹೊಸ ಜ್ಯಾಕ್ ಹಾಕಿಸಿ, ಹತ್ತು ನಿಮಿಷದ ಕೆಲಸ. ಕತ್ತರಿಸಿದ ಎಳೆಯನ್ನು ಬ್ಲೇಡಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಅಂಥದ್ದಕ್ಕೆ ಜ್ಯಾಕ್ ಬದಲಿಸಿ ಏಗುವುದಕ್ಕಿಂತ ಪೂರ್ತಿ ತಾಮ್ರದ ಕ್ಯಾಟ್6 ಕೇಬಲ್ ಎಳೆಸುವುದು ಒಳ್ಳೆಯದು. ಕರೆಂಟ್ ವೈರ್ ಇರುವ ಪೈಪಿನಲ್ಲಿ ಮಾತ್ರ ಎಳೆಯಲು ಬಿಡಬೇಡಿ.

ಬೆಂಗಳೂರಿನಿಂದ

ಮೇಲಿನವರು ಹೇಳಿದ್ದು ಸರಿ. ಆದರೆ ಪಾರ್ಟಿ ಚಾಟ್ ತೊಂದರೆ ಬೇರೆಯೇ. ತಂತಿ ಸರಿ ಮಾಡಿದ ಮೇಲೂ ಅದು ಉಳಿಯಬಹುದು.

ಪಿಎಸ್5ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಅಲ್ಲಿ ಟೆಸ್ಟ್ ಇಂಟರ್ನೆಟ್ ಕನೆಕ್ಷನ್ ಒತ್ತಿ. ಕೊನೆಗೆ ನ್ಯಾಟ್ ಟೈಪ್ ತೋರಿಸುತ್ತದೆ, ಅಂದರೆ ಹೊರಗಿನವರ ಕನ್ಸೋಲ್ ನಿಮ್ಮದನ್ನು ಎಷ್ಟು ಸಲೀಸಾಗಿ ತಲುಪಬಹುದು ಅನ್ನುವುದು. 2 ಇದ್ದರೆ ಯೋಚನೆ ಇಲ್ಲ. 3 ಇದ್ದರೆ ಒಬ್ಬರ ಮಾತು ಕೇಳಿಸಿ ಇನ್ನೊಬ್ಬರದು ಕೇಳಿಸದಿರುವುದು ಮಾಮೂಲಿ. ಎಕ್ಸ್‌ಬಾಕ್ಸ್‌ನಲ್ಲಿ ಇದನ್ನೇ ಸ್ಟ್ರಿಕ್ಟ್ ಅನ್ನುತ್ತಾರೆ.

ಬ್ರೌಸರ್‌ನಲ್ಲಿ ರೂಟರ್ ಸೆಟ್ಟಿಂಗ್ ಪೇಜ್ ತೆಗೆದು ವ್ಯಾನ್ ಐಪಿ, ಅಂದರೆ ರೂಟರ್‌ಗೆ ಹೊರಗಿನ ಕಡೆಯಿಂದ ಸಿಕ್ಕ ವಿಳಾಸ, ನೋಡಿ. 192.168 ಅಂತ ಶುರುವಾದರೆ ನಿಮ್ಮ ರೂಟರ್ ಮುಂದೆ ಇನ್ನೊಂದು ರೂಟರ್ ಕೂತಿದೆ ಅಂತ ಅರ್ಥ. ಕಂಪನಿಯ ಬಾಕ್ಸ್ ಜೊತೆ ಸ್ವಂತ ರೂಟರ್ ತಂದು ಹಾಕಿದವರ ಮನೆಯಲ್ಲಿ ಇದು ಜಾಸ್ತಿ. ಬಾಕ್ಸ್ ಅನ್ನು ಬ್ರಿಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ನೆಟ್ ದಾಟಿಸುವುದಷ್ಟೇ) ಹಾಕಿಸಿ, ಇಲ್ಲವೇ ಸ್ವಂತ ರೂಟರನ್ನು ಆಕ್ಸೆಸ್ ಪಾಯಿಂಟ್ (ವೈಫೈ ಕೊಡುವುದಕ್ಕಷ್ಟೇ) ಮಾಡಿ. ಆಟಕ್ಕೆ ಬೇಕಾದ ದಾರಿಯನ್ನು ರೂಟರ್‌ನಲ್ಲಿ ತಾನೇ ತೆರೆಸುವ ಯುಪಿಎನ್‌ಪಿ ಆನ್ ಇರಲಿ.

ಐಪಿ 100.64ರಿಂದ 100.127ರ ನಡುವೆ ಇದ್ದರೆ ಕಥೆ ಬೇರೆ. ಒಂದೇ ಪಬ್ಲಿಕ್ ಐಪಿಯನ್ನು ಕಂಪನಿ ನಿಮ್ಮಂಥ ಬಹಳ ಮನೆಗಳಿಗೆ ಹಂಚಿದೆ. ಇಲ್ಲಿ ನೀವು ಎಷ್ಟು ಪೋರ್ಟ್ ಫಾರ್ವರ್ಡ್ (ಅದೇ ದಾರಿಯನ್ನು ಕೈಯಾರೆ ತೆರೆಯುವುದು) ಮಾಡಿದರೂ ಪ್ರಯೋಜನ ಇಲ್ಲ. ಪಬ್ಲಿಕ್ ಐಪಿ ಕೊಡಿ ಅಂತ ಕೇಳಬೇಕು, ಬಹಳ ಕಡೆ ಅದಕ್ಕೆ ಬೇರೆ ದುಡ್ಡು.

ಶಿರಸಿಯಿಂದ

ನಮ್ಮ ಕಡೆಯವರಿಗೆ ಒಂದು ಮಾತು. ಏಪ್ರಿಲ್-ಮೇ ಗುಡುಗು ಸಿಡಿಲು ಶುರುವಾಯಿತು ಅಂದರೆ ಪ್ಲಗ್ ಜೊತೆ ಲ್ಯಾನ್ ಕೇಬಲ್ಲನ್ನೂ ತೆಗೆದಿಡಿ. ಫೈಬರ್ ಗಾಜು, ಅದರಲ್ಲಿ ಕರೆಂಟ್ ಹರಿಯಲ್ಲ, ಆದರೆ ಬಾಕ್ಸ್‌ನ ಅಡಾಪ್ಟರ್ ದಾರಿಯಾಗಿ ಬಂದದ್ದು ಲ್ಯಾನ್ ತಂತಿ ಹಿಡಿದು ಟಿವಿ, ಕನ್ಸೋಲ್ ಎರಡಕ್ಕೂ ಹೋಗುತ್ತದೆ. ನಮ್ಮ ಪಕ್ಕದ ಮನೆಯಲ್ಲಿ ಪಿಎಸ್4 ಪೂರ್ತಿ ಚೆನ್ನಾಗಿದೆ, ಲ್ಯಾನ್ ಪೋರ್ಟ್ ಮಾತ್ರ ಸತ್ತಿದೆ. ಅದೂ 2013ರ ಹಳೆ ಮಾಡೆಲ್, ವೈಫೈ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ. ಪಾಪ ಹುಡುಗ.

ತುಮಕೂರಿನಿಂದ

ಮಗನದು ಎಕ್ಸ್‌ಬಾಕ್ಸ್. ಕರೆಂಟ್ ಹೋಗಿ ಬಂದಾಗಲೆಲ್ಲ ನೆಟ್ ಇಲ್ಲ ಅಂತ ಕೂಗುತ್ತಿದ್ದ. ರೂಟರ್ ಎದ್ದು ಕೂರಲು ಎರಡು ಮೂರು ನಿಮಿಷ ಬೇಕು, ಅಷ್ಟರಲ್ಲಿ ಎಕ್ಸ್‌ಬಾಕ್ಸ್ ಐಪಿ ಕೇಳಿ, ಸಿಗದೆ, 169.254ರ ನಂಬರ್ ಒಂದನ್ನು ತಾನೇ ಇಟ್ಟುಕೊಂಡಿರುತ್ತಿತ್ತು. ರೂಟರ್‌ಗೆ ಒಂದು ಚಿಕ್ಕ 12 ವೋಲ್ಟ್ ಯುಪಿಎಸ್ ಹಾಕಿದೆವು, ಆ ಕೂಗಾಟ ನಿಂತಿತು. ಆಮೇಲೆ ರಾತ್ರಿ ಲ್ಯಾಗ್ ಅಂದ. ನೋಡಿದರೆ ನಮ್ಮ ಯಜಮಾನರ ಫೋನ್ ಆ ಹೊತ್ತಿಗೇ ಮದುವೆ ವಿಡಿಯೋಗಳನ್ನೆಲ್ಲ ಮೇಲೆ ಕಳಿಸುತ್ತಿತ್ತು. ಅಪ್‌ಲೋಡ್ ತುಂಬಿಹೋದರೆ ತಂತಿ ಹಾಕಿದರೂ ಆಟ ನಿಧಾನವೇ. ರೂಟರ್‌ನಲ್ಲಿ ಕ್ಯೂಒಎಸ್ ಅಂತ ಇದೆ, ಅದರಲ್ಲಿ ಎಕ್ಸ್‌ಬಾಕ್ಸ್‌ಗೆ ಮೊದಲ ಜಾಗ ಕೊಟ್ಟಿದ್ದೇವೆ.

ಡಲ್ಲಾಸ್‌ನಿಂದ

ಇಲ್ಲಿನ ಮನೆಗಳಲ್ಲಿ ಕೇಬಲ್ ಟಿವಿಯ ತಂತಿ ಗೋಡೆಯೊಳಗೆ ಮೊದಲೇ ಇರುತ್ತದೆ. ಮೋಕಾ ಅಡಾಪ್ಟರ್ ಎರಡು ತಂದು ಅದರಲ್ಲೇ ನೆಟ್ ಓಡಿಸುತ್ತಿದ್ದೇನೆ, ಚೆನ್ನಾಗಿದೆ. ಕರೆಂಟ್ ವೈರ್ ಮೇಲೆ ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಊರಲ್ಲಿ ಅಣ್ಣನ ಮನೆಗೆ ಕೊಟ್ಟೆ. ಅಲ್ಲಿ ಮೂರು ಫೇಸ್, ಕೆಳಗಿನ ಹಾಲ್ ಒಂದರಲ್ಲಿ, ಮೇಲಿನ ರೂಮು ಇನ್ನೊಂದರಲ್ಲಿ. ಆಗಲೇ ಇಲ್ಲ.

ಮತ್ತೆ ಬೆಂಗಳೂರಿನಿಂದ

ಕಂಪನಿಗೆ ಫೋನ್ ಮಾಡುವಾಗ ‘ಗೇಮ್ ಲ್ಯಾಗ್ ಆಗುತ್ತಿದೆ’ ಅನ್ನಬೇಡಿ. ‘ಬಾಕ್ಸ್ ಪಕ್ಕದಲ್ಲೇ, 1000ದ ಪೋರ್ಟ್‌ನಲ್ಲಿ, ಹೊಸ ಕೇಬಲ್ ಹಾಕಿ ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್ ಮಾಡಿದೆ, ಇಷ್ಟು ಬಂತು, ವ್ಯಾನ್ ಐಪಿ ಇದು’ ಅನ್ನಿ. ಸ್ಕ್ರೀನ್‌ಶಾಟ್ ಕಳಿಸಿ, ಕಂಪ್ಲೇಂಟ್ ನಂಬರ್ ಬರೆದುಕೊಳ್ಳಿ.