ಅಪ್‌ಡೇಟ್: ಹಿಮ್ಮಡಿ ನೋವಿನ ನಂತರ ಮತ್ತೆ ಓಟ

ಹಿಮ್ಮಡಿ ನೋವಿನಿಂದ ಓಟ ನಿಂತುಹೋಗಿದೆ, ಮತ್ತೆ ಶುರು ಮಾಡುವುದು ಹೇಗೆ ಅಂತ ಬೇಸಿಗೆಯಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗ ಮತ್ತೆ ಓಡುತ್ತಿದ್ದೇನೆ!

ನಿಮ್ಮಲ್ಲಿ ಹಲವರು ಊಹಿಸಿದ ಹಾಗೆ ಅದು ಪ್ಲಾಂಟರ್ ಫ್ಯಾಸಿಯೈಟಿಸ್ (ಅಂಗಾಲಿನ ಉದ್ದಕ್ಕೂ ಇರುವ ದಪ್ಪ ಪಟ್ಟಿಯ ತೊಂದರೆ) ಅಂತಲೇ ಫಿಸಿಯೋ ಹೇಳಿದರು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚುತ್ತದೆ ಅಲ್ವಾ, ಅದೇ ಇದರ ಗುರುತು. ನನಗೆ ಜಾಸ್ತಿ ಉಪಯೋಗವಾಗಿದ್ದು ಮೆಟ್ಟಿಲ ಮೇಲಿನ ವ್ಯಾಯಾಮ. ಟವಲ್ ಸುರುಳಿ ಸುತ್ತಿ ಕಾಲ್ಬೆರಳುಗಳ ಕೆಳಗೆ ಇಡಬೇಕು, ಹಿಮ್ಮಡಿ ಮೆಟ್ಟಿಲಿನಿಂದ ಹೊರಗಿರಬೇಕು. ಒಂಟಿ ಕಾಲಿನಲ್ಲಿ 3 ಸೆಕೆಂಡ್ ಮೇಲೇಳುವುದು, 2 ಸೆಕೆಂಡ್ ಹಾಗೇ ನಿಲ್ಲುವುದು, 3 ಸೆಕೆಂಡಿನಲ್ಲಿ ಇಳಿಯುವುದು. ದಿನ ಬಿಟ್ಟು ದಿನ ಮಾಡಿದರೆ ಸಾಕು. ಸುಮ್ನೆ ಬೇಗ ಬೇಗ ಮಾಡಿ ಮುಗಿಸಿದರೆ ಪ್ರಯೋಜನವಿಲ್ಲ, ನಿಧಾನವೇ ಮುಖ್ಯ. ಫಲ ಕಾಣೋದಕ್ಕೆ ತಿಂಗಳುಗಳೇ ಬೇಕಾದವು.

ನಡುವೆ ವೈರಲ್ ಜ್ವರ ಬಂತು. ಅದು ಬಿಟ್ಟಿತು ಅನ್ನುವಷ್ಟರಲ್ಲಿ ಮಳೆ ಹಿಡಿಯಿತು, ನಮ್ಮ ರಸ್ತೆಯ ಫುಟ್‌ಪಾತ್ ಮೇಲೆಲ್ಲ ನೀರು. ಮತ್ತೆ ಮೊದಲಿನಿಂದ ಶುರು ಮಾಡಬೇಕಲ್ಲ ಅಂತ ನಿಜಕ್ಕೂ ಅಳು ಬಂದಿತ್ತು.

ಈಗ ಭಾನುವಾರ ಕಬ್ಬನ್ ಪಾರ್ಕಿಗೆ ಹೋಗುತ್ತೇನೆ. ಅವತ್ತು ಒಳಗೆ ಗಾಡಿಗಳಿಲ್ಲ, ಕಾಲಿಗೆ ಮಣ್ಣಿನ ದಾರಿಯೂ ಸಿಗುತ್ತದೆ. ಸ್ವಲ್ಪ ಓಟ, ಸ್ವಲ್ಪ ನಡಿಗೆ. ಲಾಲ್‌ಬಾಗ್ ಬಂಡೆಯ ಏರು ಸದ್ಯಕ್ಕೆ ಬೇಡ ಅಂದಿದ್ದಾರೆ ಫಿಸಿಯೋ. ಓಡಿದ ಮಾರನೇ ಬೆಳಿಗ್ಗೆ ನೋವು ಹೆಚ್ಚಾಗಿದ್ದರೆ ಮುಂದಿನ ಓಟ ಕಡಿಮೆ ಮಾಡುತ್ತೇನೆ. ಬೆಂಗಳೂರಿನ 10 ಕಿಲೋಮೀಟರ್ ಓಟದ ಸ್ಪರ್ಧೆ ವರ್ಲ್ಡ್ 10ಕೆ ಓಡುವ ಆಸೆ ಬಿಟ್ಟಿಲ್ಲ. ಇದೇ ನೋವಿನಿಂದ ಎದ್ದು 10 ಕಿಲೋಮೀಟರ್ ಓಡಿದವರು ಇದ್ದರೆ, ದೂರವನ್ನು ಹೇಗೆ ಹೆಚ್ಚಿಸಿದಿರಿ ಅಂತ ದಯವಿಟ್ಟು ಹೇಳಿ.