ಬಂಗಾರಪೇಟೆಯಲ್ಲಿ ಮಿಲಿಟರಿ ಗೂಡ್ಸ್ ನಿಂತರೆ ವಿಡಿಯೊ ಹಾಕಬಹುದಾ?

ಪ್ರಶ್ನೆ: ಸರ್, ಕೋಲಾರದ ಒಂದು ಪತ್ರಿಕೆಗೂ ಯೂಟ್ಯೂಬ್ ಚಾನೆಲ್‌ಗೂ ಸುದ್ದಿ ಕಳಿಸ್ತೀನಿ. ಗಡೀಲಿ ಯುದ್ಧ ನಡೀತಿರುವಾಗ ಬಂಗಾರಪೇಟೆ ಜಂಕ್ಷನ್‌ನಲ್ಲಿ ಟಾರ್ಪಾಲು ಹೊದಿಸಿದ ಮಿಲಿಟರಿ ಗಾಡಿಗಳ ಗೂಡ್ಸ್ ನಿಂತರೆ ವಿಡಿಯೊ ಹಾಕಬಹುದಾ? ಪ್ಲಾಟ್‌ಫಾರಂನಲ್ಲಿರೋರೆಲ್ಲ ನೋಡ್ತಾರಲ್ಲ? ಮೊದಲು ಯಾರಿಗಾದರೂ ತೋರಿಸಬೇಕಾ?

ಉತ್ತರ (ಸುದ್ದಿಮನೆ ಸಂಪಾದಕರು): ಹಾಕಬೇಡಿ. ಪ್ಲಾಟ್‌ಫಾರಂನವರು ನೋಡೋದು ಒಂದು ರೈಲನ್ನು. ಜೋಲಾರ್‌ಪೇಟೆ, ಬಂಗಾರಪೇಟೆ, ವೈಟ್‌ಫೀಲ್ಡ್‌ನಿಂದ ಮೂವರು ಹಾಕಿದ ವಿಡಿಯೊ ಜೋಡಿಸಿದರೆ ರೈಲಿನ ದಿಕ್ಕು, ವೇಗ ಎರಡೂ ಸಿಗುತ್ತೆ. ವ್ಯಾಗನ್ ಎಣಿಸಿದರೆ ಗಾಡಿಗಳ ಲೆಕ್ಕ.

ಹಳದಿ ನಾಮಫಲಕ ಕತ್ತರಿಸಿದೆ ಅಂತ ನೆಮ್ಮದಿಯಾಗಿರೋರೇ ಹೆಚ್ಚು. ಹಿಂದೆ ಕಾಣೋ ವಿದ್ಯುತ್ ಕಂಬದ ಮೇಲೆ ಕಿಲೋಮೀಟರ್ ಸಂಖ್ಯೆ ಬರೆದಿರುತ್ತೆ, ಅನೌನ್ಸ್‌ಮೆಂಟ್‌ನಲ್ಲಿ ಊರಿನ ಹೆಸರು ಕೇಳುತ್ತೆ. ಸೇನೆಯ ನಂಬರ್ ಪ್ಲೇಟ್‌ನಲ್ಲಿ ಮೇಲ್ಮುಖ ಬಾಣದ ಪಕ್ಕದ ಎರಡು ಅಂಕಿ ಗಾಡಿ ಯಾವ ವರ್ಷದ್ದು ಅಂತ ಹೇಳುತ್ತೆ. ಬಂಪರ್ ಮೇಲಿನ ಗುರುತಿನಿಂದ ತುಕಡಿ ಗೊತ್ತಾಗುತ್ತೆ. ಇನ್ನೊಂದು: ವಾಟ್ಸಾಪ್‌ನಲ್ಲಿ ಫೋಟೊ ಹಾಗೇ ಕಳಿಸಿದರೆ ಅದನ್ನು ಎಲ್ಲಿ ತೆಗೆದಿದ್ದು ಅನ್ನೋ ಫೈಲಿನೊಳಗಿನ ಮಾಹಿತಿ ಅಳಿಸಿಹೋಗುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಉಳಿಯುತ್ತೆ. ಕ್ವಾಲಿಟಿ ಚೆನ್ನಾಗಿರಲಿ ಅಂತ ಡೆಸ್ಕಿಗೆ ಡಾಕ್ಯುಮೆಂಟ್ ಆಗಿ ಕಳಿಸೋ ಅಭ್ಯಾಸ ನಮ್ಮೋರಲ್ಲಿ ಬೇಜಾನ್ ಇದೆ.

ಯಾರಿಗೆ ತೋರಿಸೋದು ಅಂದ್ರಿ. ಇಸ್ರೇಲ್‌ನಲ್ಲಿ ಮಿಲಿಟರಿ ಸೆನ್ಸಾರ್ ಇದೆ, 1945ರ ಬ್ರಿಟಿಷ್ ಕಾಲದ ನಿಯಮದ ಮೇಲೆ ಇವತ್ತಿಗೂ ನಡೀತಿದೆ. ನಮ್ಮಲ್ಲಿ ಪ್ರಕಟಣೆಗೆ ಮುಂಚೆ ಪ್ರತಿ ಸುದ್ದಿಯನ್ನೂ ನೋಡೋ ಅಂಥ ಕಾಯಂ ಕಚೇರಿ ಇಲ್ಲ. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂದಾಗ ಪ್ರಕಟಣೆಗೆ ಮುಂಚಿನ ಸೆನ್ಸಾರನ್ನೂ ಕಂಡಾಯ್ತು. ಆಗ ಕತ್ತರಿ ಬಿದ್ದಿದ್ದು ಸೇನೆಯ ಗುಟ್ಟಿಗಲ್ಲ, ಸರ್ಕಾರದ ಟೀಕೆಗೆ.

ಉತ್ತರ (ವಕೀಲರು): ಕಾನೂನಿನ ಮಾತು ಸೇರಿಸ್ತೀನಿ. ಕೇಬಲ್ ಟಿವಿ ನಿಯಮ 6(1)(ಪಿ) ಭಯೋತ್ಪಾದನಾ ನಿಗ್ರಹ ಕಾರ್ಯಾಚರಣೆಯ ನೇರಪ್ರಸಾರ ಬೇಡ ಅನ್ನುತ್ತೆ. ಮುಗಿಯೋವರೆಗೆ ಸರ್ಕಾರ ನೇಮಿಸಿದ ಅಧಿಕಾರಿಯ ಬ್ರೀಫಿಂಗ್ ಅಷ್ಟೇ. ಆ ನಿಯಮ ಟಿವಿಗೆ. ಆದರೆ 2025ರ ಏಪ್ರಿಲ್ 26ರ ಕೇಂದ್ರದ ಸಲಹಾಪತ್ರ ಸೋಷಿಯಲ್ ಮೀಡಿಯಾ ಬಳಸೋರಿಗೂ ಹೇಳಿದೆ, ಸೈನ್ಯದ ಓಡಾಟ ತೋರಿಸಬೇಡಿ ಅಂತ. ಬೇಕಾದರೆ ಐಟಿ ಕಾಯ್ದೆಯ 69ಎ ಅಡಿ ಚಾನೆಲ್ ಬ್ಲಾಕ್ ಮಾಡಬಹುದು. ಅದಕ್ಕೂ ಮೇಲೆ 1923ರ ಅಧಿಕೃತ ರಹಸ್ಯ ಕಾಯ್ದೆ ಇದೆ. ದೇಶದ ಸುರಕ್ಷತೆಗೆ ಧಕ್ಕೆ ತರೋ ಉದ್ದೇಶ ಅಂತ ಸಾಬೀತಾದರೆ, ರಕ್ಷಣಾ ವಿಷಯಕ್ಕೆ 14 ವರ್ಷದವರೆಗೆ ಸಜೆ.

ಪ್ರಶ್ನೆ: ಹಾಗಾದ್ರೆ ನಷ್ಟ, ಸೋಲು ಬರೆದರೂ ಕೇಸಾ?

ಉತ್ತರ (ವಕೀಲರು): ಬರೀರಿ. ದೇಶದ ಸಾರ್ವಭೌಮತೆ, ಏಕತೆಗೆ ಧಕ್ಕೆ ತರೋದಕ್ಕೆ ಶಿಕ್ಷೆ ಹೇಳೋ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಂನ ವಿವರಣೆಯಲ್ಲೇ ಇದೆ, ಸರ್ಕಾರದ ಕ್ರಮ ಬದಲಾಗಲಿ ಅಂತ ಕಾನೂನುಬದ್ಧವಾಗಿ ಮಾಡೋ ಟೀಕೆ ಅಪರಾಧವಲ್ಲ. ವಾಕ್ ಸ್ವಾತಂತ್ರ್ಯ ಕೊಡೋ ಸಂವಿಧಾನದ 19ನೇ ವಿಧಿ ತಾನಾಗೇ ಅಮಾನತಾಗೋದು ಯುದ್ಧ ಇಲ್ಲವೇ ಹೊರಗಿನ ಆಕ್ರಮಣದ ಕಾರಣಕ್ಕೆ ತುರ್ತುಪರಿಸ್ಥಿತಿ ಘೋಷಿಸಿದಾಗ ಮಾತ್ರ. 1999ರ ಕಾರ್ಗಿಲ್ ಯುದ್ಧಕ್ಕೆ ಅದನ್ನು ಘೋಷಿಸಲೇ ಇಲ್ಲ.

ಪ್ರಶ್ನೆ: ನಮ್ಮ ತಾಲ್ಲೂಕಿನ ಯೋಧ ಹುತಾತ್ಮರಾದ್ರೆ?

ಉತ್ತರ (ಸುದ್ದಿಮನೆ ಸಂಪಾದಕರು): ಮನೆಯವರಿಗೆ ಸೇನೆ ತಿಳಿಸಿದ್ದು ಖಚಿತವಾಗೋವರೆಗೆ ಹೆಸರೂ ಬೇಡ, ಊರೂ ಬೇಡ. "ಮಾಲೂರು ತಾಲ್ಲೂಕಿನ ಯೋಧ" ಅಂತ ಬ್ರೇಕಿಂಗ್ ಹಾಕಿದರೂ, ಮಗ ಸೇನೆಯಲ್ಲಿರೋ ಆ ತಾಲ್ಲೂಕಿನ ಪ್ರತಿ ಮನೆಯಲ್ಲೂ ಫೋನ್ ಹಿಡ್ಕೊಂಡು ಕೂರ್ತಾರೆ. ಆಮೇಲೆ ಬರೆಯುವಾಗ ತುಕಡಿ, ಅವರಿದ್ದ ಸೇನಾ ಠಾಣೆಯ ಹೆಸರು ಸೇನೆಯ ಪ್ರಕಟಣೆಯಲ್ಲಿದ್ದರಷ್ಟೇ ಹಾಕಿ. ಮನೆಯವರು ತೋರಿಸೋ ಅವನ ಕೊನೆಯ ವಾಟ್ಸಾಪ್ ಫೋಟೊದಲ್ಲಿ ಹಿಂದೆ ಬಂಕರ್ ಇದ್ದರೆ ಮುಖವಷ್ಟೇ ಕ್ರಾಪ್ ಮಾಡಿ.