ಜಡ್ಜ್ ಯಾರ ಕಡೆಯವರು?

ಗುಬ್ಬಿ ಮೇಷ್ಟ್ರು: ನಿನ್ನೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ಪಕ್ಕದ ಟೇಬಲ್‌ನಲ್ಲಿ ಅಮೆರಿಕದ ಜಡ್ಜ್‌ಗಳ ನೇಮಕದ ಬಗ್ಗೆ ಜಗಳ. 2016ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿಗೆ ಒಬಾಮ ಮೆರಿಕ್ ಗಾರ್ಲೆಂಡ್ ಹೆಸರನ್ನು ಸೆನೆಟ್‌ಗೆ, ಅಂದರೆ ಸಂಸತ್ತಿನ ಮೇಲ್ಮನೆಗೆ, ಕಳಿಸಿದರು. ಚುನಾವಣೆ ವರ್ಷ, ಜನ ತೀರ್ಮಾನಿಸಲಿ ಅಂತ ಅಲ್ಲಿ ಬಹುಮತವಿದ್ದ ರಿಪಬ್ಲಿಕನ್ನರು ವಿಚಾರಣೆಯನ್ನೇ ನಡೆಸಲಿಲ್ಲ. 2020ರಲ್ಲಿ ಚುನಾವಣೆಗೆ ಎಂಟೇ ದಿನ ಇದ್ದಾಗ ಅದೇ ರಿಪಬ್ಲಿಕನ್ನರು ತಮ್ಮ ಟ್ರಂಪ್ ಹೆಸರಿಸಿದ ಏಮಿ ಬ್ಯಾರೆಟ್‌ಗೆ 52–48ರಲ್ಲಿ ಒಪ್ಪಿಗೆ! ಇದನ್ನು ಕಾನೂನಿನ ಆಳ್ವಿಕೆ ಅನ್ನಬೇಕಾ?

ಸಿರಾ ಗೇಟ್: ಡೆಮಾಕ್ರಟರೇನು ಕಮ್ಮಿ ಮೇಷ್ಟ್ರೇ? ಕೆಳಗಿನ ಕೋರ್ಟುಗಳ ನೇಮಕಕ್ಕೆ ಸೆನೆಟ್‌ನಲ್ಲಿ ವಿರೋಧಿಗಳ ಅಡ್ಡಿ ಮೀರಲು 60 ವೋಟು ಬೇಕಿತ್ತು. 2013ರಲ್ಲಿ ಅದನ್ನು ತೆಗೆದವರು ಅವರೇ. 2017ರಲ್ಲಿ ರಿಪಬ್ಲಿಕನ್ನರು ಸುಪ್ರೀಂ ಕೋರ್ಟಿಗೂ ತೆಗೆದರು. ಬೇಲಿ ಕಿತ್ತವನೊಬ್ಬ, ದನ ನುಗ್ಗಿಸಿದವನಿನ್ನೊಬ್ಬ.

ಕಪ್ಪು ಕೋಟು: ಅಷ್ಟು ದೂರ ಯಾಕೆ? 1973ರ ಏಪ್ರಿಲ್ 24ಕ್ಕೆ ಕೇಶವಾನಂದ ಭಾರತಿ ತೀರ್ಪು ಬಂತು. ಸಂವಿಧಾನದ ಮೂಲ ರಚನೆ ಮುಟ್ಟುವಂತಿಲ್ಲ ಅಂತ, 7–6ರಲ್ಲಿ. ಆ ವಾರವೇ ಇಂದಿರಾ ಸರ್ಕಾರ, ಆ ಏಳರಲ್ಲಿದ್ದ ಶೆಲತ್, ನಮ್ಮ ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆ, ಗ್ರೋವರ್, ಮೂವರನ್ನೂ ಬಿಟ್ಟು ಜೂನಿಯರ್ ಆಗಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಬಿಸಾಕಿದರು.

ಸಿರಾ ಗೇಟ್: ವಕೀಲ್ರೇ, ಪೂರ್ತಿ ಹೇಳಿ. ಹೆಗ್ಡೆಯವರು ಮೊದಲು ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯ. 1977ರಲ್ಲಿ ಜನತಾ ಪಕ್ಷದಿಂದ ಗೆದ್ದು ಲೋಕಸಭೆ ಸ್ಪೀಕರ್.

ಕಪ್ಪು ಕೋಟು: ಕಾಂಗ್ರೆಸ್ಸಿನಿಂದ ಬಂದವರೇ ಕಾಂಗ್ರೆಸ್ ಸರ್ಕಾರಕ್ಕೆ ಬೇಡವಾದ ತೀರ್ಪು ಕೊಟ್ಟರಲ್ಲ, ಅದು ಲೆಕ್ಕಕ್ಕಿಲ್ವಾ? ಸ್ಪೀಕರ್ ಆಗಿದ್ದು ನನಗೂ ಹಿಡಿಸಲ್ಲ, ಬಿಡಿ.

ತೆಂಗಿನ ಗರಿ: ಸರಿ, ಸರ್ಕಾರ ಬೇಡ. ಹಾಗಂತ ಜಡ್ಜ್‌ಗಳೇ ಜಡ್ಜ್‌ಗಳನ್ನು ಆರಿಸೋದಾ? ಸಂಸತ್ತು ನೇಮಕಾತಿ ಆಯೋಗ ತಂದಿತ್ತು. 2015ರಲ್ಲಿ ಸುಪ್ರೀಂ ಕೋರ್ಟು 4–1ರಲ್ಲಿ ಹೊಡೆದುಹಾಕಿತು. ಒಪ್ಪದ ಒಬ್ಬರು ಚಲಮೇಶ್ವರ್. ನಾನು ಅವರ ಕಡೆ.

ಕಪ್ಪು ಕೋಟು: ಅಕ್ಕಾ, ಆ ಆಯೋಗದ ಆರು ಜನರಲ್ಲಿ ಕಾನೂನು ಮಂತ್ರಿಯೂ ಒಬ್ಬರು. ಯಾರೇ ಇಬ್ಬರು ಬೇಡ ಅಂದರೆ ಹೆಸರು ಬಿದ್ದುಹೋಗುತ್ತಿತ್ತು. ಕೇಸುಗಳಲ್ಲಿ ಸರ್ಕಾರವೇ ಜಾಸ್ತಿ ಸಲ ಪಾರ್ಟಿ. ತನ್ನ ಕೇಸಿನ ಜಡ್ಜನ್ನು ತಾನೇ ಆರಿಸಿದ ಹಾಗೆ ಆಗಲ್ವಾ?

ತೆಂಗಿನ ಗರಿ: ಹಿರಿಯ ಜಡ್ಜ್‌ಗಳ ಆಯ್ಕೆ ಮಂಡಳಿ, ಆ ಕೊಲಿಜಿಯಂ, ಕಳಿಸಿದ ಹೆಸರನ್ನು ಸರ್ಕಾರ ಸುಮ್ನೆ ಇಟ್ಟುಕೊಂಡು ಕೂತರೆ ಈಗಲೂ ಅದೇ ಕಥೆ ತಾನೇ? ಅಪ್ಪನ ಭಾಗದ ದಾವೆ ಇನ್ನೂ ನಡೀತಿದೆ. ಗೊಬ್ಬರದ ಚೀಲದಲ್ಲಿ ಪಹಣಿ ಸುತ್ತಿಕೊಂಡು ಹೋಗ್ತಾರೆ. ಜಡ್ಜ್ ಇಲ್ಲ, ವಾಯ್ದೆ.

ಕಪ್ಪು ಕೋಟು: ಆ ಜಡ್ಜ್‌ಗೂ ಕೊಲಿಜಿಯಂಗೂ ಸಂಬಂಧವಿಲ್ಲ ಅಕ್ಕಾ. ಸಿವಿಲ್ ಜಡ್ಜ್‌ಗಳನ್ನು ಆರಿಸೋದು ಹೈಕೋರ್ಟಿನ ಪರೀಕ್ಷೆ.

ತೆಂಗಿನ ಗರಿ: ಅಪ್ಪನಿಗೆ ಹೇಳ್ತೀನಿ. ಮುಂದಿನ ವಾಯ್ದೆ ಸೋಮವಾರ.